ಡ್ರಾಮ್ ಬಲ್ಲ ದಶಮಾಂಶ

ಔಷಧ ಪರೀಕ್ಷಾಲಯದಲ್ಲಿ ಅವನಿಗೆ ದಶಮಾಂಶ ಎಂದು ಅಡ್ಡಹೆಸರು ಬಿದ್ದಿತ್ತು. ಹಾಗೆ ಕರೆಯುವುದು ಬೆನ್ನ ಹಿಂದೆಯೇ. ಅದು ಅವನಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ತಕ್ಕಡಿಯ ಮುಂದೆ ಅವನು ಕೂತಿದ್ದಾಗ ಯಾರಾದರೂ ಸೀನಿದರೆ ಮುಗಿಯಿತು, ಆ ದಿನವೆಲ್ಲ ಅವರತ್ತ ಕೆಂಗಣ್ಣು. ಮನೆಯಲ್ಲಿ ಹೆಂಡತಿ "ರೀ, ಒಂಚೂರು ಉಪ್ಪು ಹಾಕಿ" ಎಂದರೆ ಒಂಚೂರು ಅಂದರೆ ಎಷ್ಟು ಎಂದು ಕೇಳಿ ಬೈಸಿಕೊಳ್ಳುವ ಜಾತಿ.

ಅವನ ಅಕ್ಕನದು ಮದ್ದಿನಂಗಡಿ, ಅಪ್ಪನ ಕಾಲದ್ದು. ಅಲ್ಲಿನ ಗಂಟಲ ಬಿಲ್ಲೆಗೆ ಬೀದಿಗೆ ಬೀದಿಯೇ ಒಗ್ಗಿಹೋಗಿತ್ತು. ಅಪ್ಪ ಹೋದ ಮೇಲೆ ಅಕ್ಕ ಆ ಬಿಲ್ಲೆ ಮಾರಿಯೇ ತಮ್ಮನನ್ನು ಓದಿಸಿದ್ದು. ಅವನ ಜಂಬಕ್ಕೂ ಬಂಡವಾಳ ಆ ಬಿಲ್ಲೆಯೇ ಎನ್ನಬೇಕು.

ಈಗ ಹೊಸ ನಿಯಮ ಬಂದಿತ್ತು. ಬಿಲ್ಲೆಯಲ್ಲಿ ಯಾವ ಮದ್ದು ಎಷ್ಟಿದೆ ಎಂದು ಮೈಕ್ರೋಗ್ರಾಂನಲ್ಲಿ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕದಲ್ಲಿ, ಡಬ್ಬಿಯ ಮೇಲೆ ಬರೆಯಬೇಕು. ಅಪ್ಪನ ಲೆಕ್ಕವೋ, ಮುನ್ನೂರ ಅರವತ್ತು ಬಿಲ್ಲೆಗೆ ಒಂದು ಡ್ರಾಮ್ ಪುದೀನದ ಹರಳು. ಡ್ರಾಮ್ ಎಂದರೆ ಹಳೆಯ ಕಾಲದ ತೂಕ. ಅಪ್ಪನ ಹಿತ್ತಾಳೆಯ ಡ್ರಾಮ್ ಬಟ್ಟು ಇಟ್ಟೇ ಅಕ್ಕ ಇಂದಿಗೂ ತೂಗುತ್ತಿದ್ದಳು.

"ಈ ಬಟ್ಟು ತಗೊಂಡ್ ಹೋಗಿ ನಿನ್ ತಕ್ಕಡಿ ಮೇಲೆ ಒಂದ್ಸಲ ಇಟ್ ನೋಡೋ" ಎಂದಳು ಅಕ್ಕ.

"ಅಂಗಡಿ ಬಟ್ಟನ್ನ ನನ್ ತಕ್ಕಡಿ ಮೇಲಾ? ಬೇಡ ಬಿಡಕ್ಕ. ಕೋಷ್ಟಕ ಇದೆ, ನಾನಿದೀನಿ."

ಹಳೆಯ ತೂಕಗಳನ್ನು ಗ್ರಾಮಿಗೆ ಇಳಿಸುವ ಕೋಷ್ಟಕ ಇತ್ತು, ನಿಜ. ಆದರೆ ಅದರಲ್ಲಿ ಡ್ರಾಮ್ ಎರಡಿದ್ದವು. ಮೇಲಿನದು ಸಾಮಾನು ಸರಂಜಾಮಿನ ಡ್ರಾಮ್, ಕೆಳಗಿನದು ಮದ್ದಿನವರ ಡ್ರಾಮ್, ಮೊದಲನೆಯದರ ಎರಡು ಪಟ್ಟಿಗೂ ಮೀರಿದ್ದು. ದಶಮಾಂಶ ಮೇಲಿನ ಸಾಲಿಗೇ ಕೈ ಹಾಕಿದ. ಕೆಳಗೆ ಇನ್ನೊಂದು ಇದೆಯೇ ಎಂದು ನೋಡುವಷ್ಟು ವ್ಯವಧಾನ ಮಹಾಶಯನಿಗೆ ಎಲ್ಲಿಂದ ಬರಬೇಕು? ಅವನ ಗಮನವೆಲ್ಲ ಭಾಗಾಕಾರದ ಬಾಲದ ಮೇಲಿತ್ತು. ಅಂಗಡಿಯ ಇನ್ನೂ ಹತ್ತಾರು ಮದ್ದುಗಳ ಜೊತೆ ಬಿಲ್ಲೆಯ ಚೀಟಿಯೂ ತಯಾರಾಯಿತು: ೪೯೨೧.೭೯೨ ಮೈಕ್ರೋಗ್ರಾಂ. ಅಕ್ಕ ನಂಬಿ ಡಬ್ಬಿಗಳಿಗೆಲ್ಲ ಅಂಟಿಸಿದಳು.

ಕೆಲವು ತಿಂಗಳ ಮೇಲೆ ಪರೀಕ್ಷಾಲಯಕ್ಕೆ ಒಂದಷ್ಟು ಬಿಲ್ಲೆ ಬಂದವು. ಪಕ್ಷಪಾತ ಆಗಬಾರದೆಂದು ಅಂಗಡಿಯ ಹೆಸರು ತೆಗೆದಿರುತ್ತಾರೆ, ಗುರುತಿನ ಸಂಖ್ಯೆ ಮತ್ತು ಡಬ್ಬಿಯ ಮೇಲಿನ ಅಂಕಿ ಮಾತ್ರ ಇರುತ್ತವೆ. ಆ ದಿನ ದಶಮಾಂಶನಿಗೆ ನೆಗಡಿ. ಅಕ್ಕನದೇ ಒಂದು ಬಿಲ್ಲೆ ದವಡೆಯಲ್ಲಿತ್ತು, ಹಾಗಾಗಿ ಕೋಣೆ ತುಂಬ ಪುದೀನ ಘಮಘಮಿಸಿದ್ದು ಅವನಿಗೆ ವಿಶೇಷ ಅನ್ನಿಸಲಿಲ್ಲ. ಡಬ್ಬಿಯ ಅಂಕಿ ಓದಿದ. ಪಾಯಿಂಟ್ ಆದ ಮೇಲೆ ಮೂರು ಸ್ಥಾನ. ಯಾರೋ ನಮ್ಮವನೇ ಇರಬೇಕು ಎಂದು ಮೆಚ್ಚಿಕೊಂಡ.

ಪರೀಕ್ಷೆ ಮಾಡಿದರೆ ಹತ್ತು ಸಾವಿರ ಮೈಕ್ರೋಗ್ರಾಂಗೂ ಮೇಲೆ ಬಂತು. ಮೆಚ್ಚುಗೆ ಅಲ್ಲಿಗೇ ಇಳಿಯಿತು. ಪೆನ್ನು ತೆಗೆದು ಷರಾ ಬರೆದ: "ಬರೆದದ್ದರ ಎರಡು ಪಟ್ಟಿಗೂ ಹೆಚ್ಚು ಮದ್ದು ಇದೆ. ಈ ಲೆಕ್ಕ ಹಾಕಿದವನಿಗೆ ತೂಕದ ಗಂಧಗಾಳಿಯೂ ಇಲ್ಲ. ಇಂಥವರ ಅಂಗಡಿ ಮುಚ್ಚಿಸುವುದೇ ಕ್ಷೇಮ." ಕೆಳಗೆ ಅಂಕುಡೊಂಕಾದ ತನ್ನ ಸಹಿ ಹಾಕಿದ. ಅವತ್ತು ಊಟ ಚೆನ್ನಾಗಿ ಸೇರಿತು.

ವಾರ ಕಳೆಯುವ ಮುಂಚೆ ಅಕ್ಕ ನೋಟೀಸು ಹಿಡಿದು ಮನೆಗೆ ಬಂದಳು. ಕಣ್ಣು ಊದಿಕೊಂಡಿತ್ತು.

"ಅಂಗಡಿ ಮುಚ್ಚಿಸ್ತಾರಂತೆ ಕಣೋ. ಕಾರಣ ಹೇಳೋಕೆ ಹದಿನೈದು ದಿನ ಕೊಟ್ಟಿದಾರೆ. ಯಾರೋ ಏನೋ ಬರೆದಿದಾನೆ ನೋಡು."

ಓದತೊಡಗಿದ. ಗಂಧಗಾಳಿಯವರೆಗೆ ಬರುವಷ್ಟರಲ್ಲಿ ಅದು ತನ್ನದೇ ಷರಾ ಎಂದು ಗೊತ್ತಾಯಿತು. ಅಕ್ಕ ಸಹಿ ನೋಡಿರಲಿಲ್ಲವೇ? ನೋಡಿದ್ದಳು. ತಮ್ಮನ ಸಹಿಯನ್ನು ಅವನು ಶಾಲೆಗೆ ಹೋಗುವಾಗಿನಿಂದ ಕಂಡವಳು. ಅವನ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದಳು.

"ನಾನೇ ಅಕ್ಕ" ಎಂದ. "ಲೆಕ್ಕ ಹಾಕಿದೋನೂ ನಾನೇ, ಬೈದೋನೂ ನಾನೇ." ತನ್ನನ್ನು ಓದಿಸಿದ ಅಂಗಡಿಗೆ, ಓದಿದ ಕೈಯಿಂದಲೇ ಬೀಗ ಜಡಿಯಲು ಹೊರಟಿದ್ದ.

ಮರುದಿನ ಬಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋಗಿ, ಎಲ್ಲರೆದುರು ತನ್ನ ತಕ್ಕಡಿಯ ಮೇಲೆ ಇಟ್ಟ. ಅಪ್ಪನ ಬಟ್ಟು ಮದ್ದಿನವರ ಡ್ರಾಮಿಗೆ ಸರಿಯಾಗಿ ತೂಗಿತು. ಮೇಲಧಿಕಾರಿ ಮೇಡಂ ಅವನು ಬರೆದುಕೊಟ್ಟ ತಪ್ಪೊಪ್ಪಿಗೆ ಓದಿ ಕನ್ನಡಕ ತೆಗೆದರು.

"ಅಂದ್ರೆ ಈ ಗಂಧಗಾಳಿ ಇಲ್ದೋರು ನೀವೇ."

"ಹೌದು ಮೇಡಂ. ಷರಾದಲ್ಲಿ ಆ ಒಂದು ವಾಕ್ಯ ಮಾತ್ರ ಹಾಗೇ ಇರ್ಲಿ."

ಬಿಲ್ಲೆಯಲ್ಲಿ ತಪ್ಪಿಲ್ಲ, ಚೀಟಿಯಲ್ಲಿದೆ ಎಂದಾಯಿತು. ಅಂಗಡಿ ಉಳಿಯಿತು. ದಶಮಾಂಶನಿಗೆ ವರ್ಷಾಂತ್ಯದವರೆಗೆ ಯಾವ ವರದಿಗೂ ಸಹಿ ಹಾಕುವಂತಿಲ್ಲ ಎಂದು ಆದೇಶವಾಯಿತು.

ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ಡಬ್ಬಿಗಳ ಹಳೆಯ ಚೀಟಿ ಕೆರೆದರು. ಹೊಸದನ್ನು ಬರೆಯಲು ಪೆನ್ನು ತೆಗೆದವನು ಅಭ್ಯಾಸಬಲದಿಂದ ಕೇಳಿಯೇಬಿಟ್ಟ.

"ಪಾಯಿಂಟ್ ಆದ್ಮೇಲೆ ಎಷ್ಟು ಅಂಕಿ ಬರೀಲಿ ಅಕ್ಕ?"

ಅಕ್ಕ ಒಂದು ಬಿಲ್ಲೆ ತೆಗೆದು ಅವನ ಬಾಯಿಗಿಟ್ಟಳು.

"ಪಾಯಿಂಟ್ ಆದ್ಮೇಲೆ ನಿಂಗೆ ಬೇಕಾದಷ್ಟು ಬರ್ಕೊ. ಅದಕ್ಕಿಂತ ಮುಂಚಿಂದು ಮಾತ್ರ ನನ್ನನ್ನ ಕೇಳ್ಬಿಟ್ಟು ಬರಿ."