ಹಮಾಮಾಳಿಗೆ ಎಣ್ಣೆ

"ಇವಳಿಗೆ ಮುಪ್ಪು ಬಂತು ಅಂದವರು ಯಾರು?"

ಮತ್ರಾ ಬಂದರಿನ ಮರಳದಂಡೆಯಲ್ಲಿ ಬೆಳಗಿನ ನಮಾಜು ಮುಗಿಸಿ, ಹಾಸಿದ್ದ ಶಾಲನ್ನು ಕೊಡವುತ್ತ ಮುದುಕ ಸುಬೈತ್ ಗಟ್ಟಿಯಾಗಿಯೇ ಕೇಳಿದ. ಉತ್ತರ ಕೊಡಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ಒಂದು ಮೇಕೆ ಇತ್ತು. ಅದು ಒಣಗಲು ಹರವಿದ್ದ ಮೀನು ತಿನ್ನುವುದರಲ್ಲಿ ಮೈಮರೆತಿತ್ತು.

ಎದುರಿಗೆ, ಕೊಲ್ಲಿಯ ತಿಳಿನೀರಿನಲ್ಲಿ ಹಮಾಮಾ ಲಂಗರು ಹಾಕಿ ನಿಂತಿದ್ದಳು. ಹಮಾಮಾ ಅಂದರೆ ಪಾರಿವಾಳ. ಎರಡು ಕೂವೆಮರ, ಅವಕ್ಕೆ ನಾಲ್ಕು ಹಾಯಿ, ಪಕ್ಕಕ್ಕೆ ಮೂರರಂತೆ ಪುಟ್ಟ ಫಿರಂಗಿಗಳು. ಸುಲ್ತಾನರ ನೌಕಾಪಡೆಯಲ್ಲಿ ಇವಳಿಗಿಂತ ಚಿಕ್ಕ ಹಡಗು ಇನ್ನೊಂದಿರಲಿಲ್ಲ. ಮಲಬಾರಿನ ತೇಗದಲ್ಲಿ ಕಟ್ಟಿದ ಇವಳು ಮೊದಲ ಸಲ ನೀರಿಗಿಳಿದ ದಿನ ಸುಬೈತನಿಗೆ ಆಗಷ್ಟೇ ಮೀಸೆ ಚಿಗುರಿತ್ತು. ಅಂದಿನಿಂದ ಅವನೇ ಇವಳ ಹಾಡುಗಾರ. ಆ ಕಡಲಿನ ಹಡಗುಗಳಲ್ಲಿ ಹಾಡುಗಾರನಿಲ್ಲದೆ ಹಗ್ಗ ಮೇಲೇಳುವುದಿಲ್ಲ. ಅವನು ಒಂದು ಸಾಲು ಹೇಳಬೇಕು, ಆಳುಗಳು "ಯಾ ಅಲ್ಲಾಹ್" ಎಂದು ಒಟ್ಟಿಗೆ ಜಗ್ಗಬೇಕು. ಹಮಾಮಾ ಹೋಗಿ ಬಂದ ಪ್ರತಿ ಕೆಲಸಕ್ಕೂ ಸುಬೈತ್ ಎರಡು ಸಾಲು ಕಟ್ಟುತ್ತ ಬಂದಿದ್ದ. ಹಡಗಿಗೆ ವಯಸ್ಸಾದಂತೆಲ್ಲ ಹಾಡೂ ಬೆಳೆದಿತ್ತು.

ಈಗ ಅರಮನೆಯವರು ಹೊಗೆಯುಗುಳುವ ಹೊಸ ಹಡಗೊಂದನ್ನು ತರಿಸಿದ್ದರು. ಹಮಾಮಾಳನ್ನು ದಂಡೆಗೆ ಎಳೆದು ಒಡೆಯಬೇಕು, ಅವಳ ತೇಗವನ್ನು ಸುಂಕದ ಮಳಿಗೆಯ ಸೂರಿಗೆ ತೊಲೆಯಾಗಿ ಬಳಸಬೇಕು ಎಂದು ಅಪ್ಪಣೆಯಾಗಿತ್ತು.

ಬಿಸಿಲೇರುವ ಹೊತ್ತಿಗೆ ನಾಖುದಾ ಹುಮೈದ್ ಕುಂಟುತ್ತ ಬಂದ. ಬಹಳ ಕಾಲ ಇದೇ ಹಡಗನ್ನು ನಡೆಸಿದವನು, ಈಗ ಬಂದರಿನ ಉಸ್ತುವಾರಿಯಲ್ಲಿದ್ದ. ಅವನ ಹಿಂದೆ ಹೆಗಲ ಮೇಲೆ ಕೊಡಲಿ ಹೊತ್ತು ಹಡಗಿನ ಬಡಗಿ ಉಸ್ತಾದ್ ಮುಸಬ್ಬಹ್ ಬಂದ.

"ಮಧ್ಯಾಹ್ನ ಕಡಲ ಭರತ ಏರುತ್ತೆ ಸುಬೈತ್. ನೀನು ಹಾಡಬೇಕು," ಎಂದ ಹುಮೈದ್.

"ಕಡಿಯೋಕೆ ಎಳೆಯೋ ಹಡಗಿಗೆ ಹಾಡು ಯಾಕೆ? ಕತ್ತೆ ಕಟ್ಟಿ ಎಳಿಸು."

"ನಿನ್ನ ಹಾಡಿಲ್ಲದೆ ಈ ಹುಡುಗರು ಬಾವಿಯಿಂದ ಒಂದು ಕೊಡ ನೀರೂ ಎಳೆಯೋಲ್ಲ. ನಿನಗೆ ಗೊತ್ತಿಲ್ವಾ?"

"ಗೊತ್ತು. ಅದಕ್ಕೇ ಹಾಡಲ್ಲ ಅಂತಿದೀನಿ."

ಹುಮೈದ್ ಅವನ ಪಕ್ಕದಲ್ಲಿ ಕಷ್ಟಪಟ್ಟು ಕೂತ. "ನೋಡು, ಅವಳ ತಳಕ್ಕೆ ಹುಳ ಹತ್ತಿದೆ. ಇಲ್ಲೇ ಬಿಟ್ರೆ ಮುಂದಿನ ಗಾಳಿ ಬರೋದ್ರೊಳಗೆ ಮುಳುಗ್ತಾಳೆ. ಏಡಿಗಳು ಸಂಸಾರ ಹೂಡ್ತವೆ. ಅದನ್ನ ನೋಡ್ಕೊಂಡು ಕೂತಿರ್ತೀಯಾ?"

"ಹೊಟ್ಟೆ ಕೆರೆದು ಎಣ್ಣೆ ಹಚ್ಚಿದ್ರೆ ಇನ್ನೂ ಎಷ್ಟೋ ವರ್ಷ ಓಡ್ತಾಳೆ."

"ಅಪ್ಪಣೆ ಆಗಿಹೋಗಿದೆ ಮಾರಾಯ. ನನ್ನ ಗಡ್ಡ ಅವರ ಕೈಲಿದೆ."

ಮುಸಬ್ಬಹ್ ಕಣ್ಣು ಕಿರಿದು ಮಾಡಿ ದೂರದಿಂದಲೇ ಹಡಗನ್ನು ಅಳೆಯುತ್ತಿದ್ದ. "ಮರ ಮಾತ್ರ ಗಟ್ಟಿ. ಸೂರಿಗೆ ಹೇಳಿ ಮಾಡಿಸಿದ ಹಾಗಿದೆ."

"ನೀನು ನಿಮ್ಮಜ್ಜಿ ಊರುಗೋಲನ್ನೂ ಅಳೆದು ನೋಡೋನೇ!" ಎಂದ ಸುಬೈತ್.

"ಅಳೆದಿದ್ದೆ. ಸೊಟ್ಟ ಇತ್ತು," ಎಂದ ಮುಸಬ್ಬಹ್, ನಗದೆ.

ಏಡಿಗಳ ಮಾತು ಸುಬೈತನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಕೊನೆಗೂ ಅವನು ಹಡಗಿನ ಕಡೆ ನೋಡದೆ, "ಸರಿ. ಮರ್ಯಾದೆಯಿಂದ ದಂಡೆಗೆ ಬರಲಿ," ಎಂದ.

ಮಧ್ಯಾಹ್ನ ಭರತ ತುಂಬಿತು. ಆಫ್ರಿಕಾದ ಕಡೆ ಹೊರಡುವ ದೋಣಿಗಳಿಗೆಲ್ಲ ಆಗ ಎಣ್ಣೆ ಹಚ್ಚುವ ಕಾಲವಾದ್ದರಿಂದ ದಂಡೆಯ ಉದ್ದಕ್ಕೂ ಮೀನೆಣ್ಣೆಯ ಘಾಟು ಹಬ್ಬಿತ್ತು. ಆಳುಗಳು ಮರಳಿನ ಮೇಲೆ ಕೊಬ್ಬು ಸವರಿದ ಖರ್ಜೂರದ ದಿಮ್ಮಿಗಳನ್ನು ಹಾಸಿ, ಹಗ್ಗ ಹಿಡಿದು ಎರಡು ಸಾಲಾಗಿ ನಿಂತರು. ಸುಬೈತ್ ಬಿಸ್ಮಿಲ್ಲಾ ಹೇಳಿ, ಅಂಗೈಯನ್ನು ಕಿವಿಗೆ ಆನಿಸಿ ದನಿಯೆತ್ತಿದ.

"ನೀರಿಗಿಳಿದ ದಿನವೆ ಬಾಗಿ ನಡೆದ ಪಾರಿವಾಳ,
ನೀರೆ ಇವಳ ಗೂಡು, ಬೀಸುಗಾಳಿ ಇವಳ ಕಾಳು!"

"ಯಾ ಅಲ್ಲಾಹ್!" ಹಗ್ಗ ಬಿಗಿಯಿತು. ಹಮಾಮಾ ಮೂತಿಯನ್ನು ಮೆಲ್ಲನೆ ದಂಡೆಗೆ ತಿರುಗಿಸಿದಳು.

ಹಾಡು ಅವಳ ಚಾಕರಿಯ ದಾರಿ ಹಿಡಿಯಿತು. ಕಡಲುಗಳ್ಳರ ಬೆನ್ನು ಹತ್ತಿ ಹೋದಾಗ ನಡುನೀರಿನಲ್ಲಿ ಗಾಳಿ ಸತ್ತು, ಬೇಟೆಯೂ ಬೇಟೆಗಾರನೂ ಕೂಗಳತೆಯಲ್ಲಿ ಅಲುಗಾಡದೆ ನಿಂತದ್ದು, ಕಳ್ಳರೇ ನಾಚಿಕೆ ಬಿಟ್ಟು ಕುಡಿಯಲು ನೀರು ಕೇಳಿದ್ದು, ಇವರು ಕೊಟ್ಟದ್ದು, ಗಾಳಿ ಎದ್ದೊಡನೆ ಅವರು ಸಲಾಮು ಹೇಳಿ ಪರಾರಿಯಾದದ್ದು. ಆ ಸಾಲಿಗೆ ಆಳುಗಳು ಪ್ರತಿವರ್ಷದಂತೆ ನಕ್ಕರು, ನಗುತ್ತಲೇ ಜಗ್ಗಿದರು. ಆಮೇಲೆ ಸುಲ್ತಾನರ ಉಡುಗೊರೆಯಾಗಿ ಬೂಶಹರ್ ಬಂದರಿಗೆ ಒಯ್ದ ಕುದುರೆಯ ಸಾಲು ಬಂತು.

"ಬಾವುಟವನು ಮೇಯ್ದ ಕುದುರೆ, ಬೈಯಲಿಲ್ಲ ಹೆಣ್ಣು,
ಬಾಲ ನೇವರಿಸಿ ಇಳಿಸಿ ಬಂತು ತಾಯಿಗಣ್ಣು!"

"ಯಾ ಅಲ್ಲಾಹ್!"

ಹುಮೈದ್ ದಿಬ್ಬದ ಮೇಲೆ ನಿಂತು ಎಡಕ್ಕೆ, ಬಲಕ್ಕೆ ಎಂದು ಕೈ ಬೀಸುತ್ತಿದ್ದ. ಜಂಜಿಬಾರಿನ ದಂಡೆಯ ಕಾಳಗದ ಸಾಲು ಬಂದಾಗ ಅವನ ಕೈ ನಿಂತಿತು. ಗಾಯಾಳುಗಳನ್ನು ತನ್ನ ಮೇಲಟ್ಟದಲ್ಲಿ ಮಲಗಿಸಿಕೊಂಡು, ಅಲೆಗೂ ಎಚ್ಚರವಾಗದಂತೆ ಹಮಾಮಾ ಅವರನ್ನು ಮನೆ ಮುಟ್ಟಿಸಿದ್ದಳು. ತೊಡೆಗೆ ಗುಂಡು ಹೊಕ್ಕಿದ್ದ ಎಳೆಯ ಹುಮೈದನೂ ಅವರಲ್ಲಿದ್ದ. ಈಗ ಅವನು ಕೆಳಗಿಳಿದು ಬಂದು, ಸಾಲಿನ ಕೊನೆಯಲ್ಲಿ ಹಗ್ಗ ಹಿಡಿದ.

ಹಮಾಮಾಳ ಮೈ ನೀರು ಬಿಟ್ಟು ಮೇಲೆದ್ದಿತು. ದಿಮ್ಮಿಗಳು ನರಳಿದವು. ಕಡೆಯ ಜಗ್ಗಿಗೆ ಅವಳು ಪೂರ್ತಿ ಮರಳೇರಿ ಪಕ್ಕಕ್ಕೆ ವಾಲಿ, ಆನಿಕೆಯ ಮರಗಳಿಗೆ ಒರಗಿದಳು.

ಹಾಡು ಅಲ್ಲಿ ನಿಲ್ಲಬೇಕಿತ್ತು. ಆದರೆ ವರ್ಷಕ್ಕೊಮ್ಮೆ ಅವಳನ್ನು ಹೀಗೆ ಎಳೆದಾಗಲೆಲ್ಲ, ಎಳೆಯುವ ಹಾಡಿನ ಬಾಲ ಹಿಡಿದೇ ಎಣ್ಣೆಯ ಹಾಡು ಬರುತ್ತಿತ್ತು. ಕಣ್ಣು ಮುಚ್ಚಿ ಹಾಡುತ್ತಿದ್ದ ಸುಬೈತನ ನಾಲಿಗೆಗೆ ಅಪ್ಪಣೆಯ ನೆನಪಿರಲಿಲ್ಲ.

"ದಾಹ ನಮ್ಮ ಹೆಣ್ಣಿಗೆ, ಎಣ್ಣೆ ತನ್ನಿ ಮೈಗೆ,
ಬರುವ ಗಾಳಿ ಕೈಯ ಹಿಡಿಯೆ ನಡೆಯಬೇಕು ಜೊತೆಗೆ!"

"ಯಾ ಅಲ್ಲಾಹ್!" ಎಂದ ಆಳುಗಳ ಕೈಗಳೂ ಹಗ್ಗ ಬಿಟ್ಟು ತಂತಮ್ಮ ಕೆಲಸ ಹುಡುಕಿಕೊಂಡವು. ಒಂದು ಗುಂಪು ತಳದ ಚಿಪ್ಪು ಕೆರೆಯತೊಡಗಿತು. ಕೆಲವರು ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿ ತುರುಕಿದರು. ಗರಿ ಚಪ್ಪರದಡಿ ಹಮಾಮಾಳ ಪಾಲಿನ ಎಣ್ಣೆಯ ಜಾಡಿ ಎಂದಿನಂತೆ ಇಟ್ಟಿತ್ತು. ಅದನ್ನು ಅಲ್ಲಿಂದ ತೆಗೆಯಿರಿ ಎಂದು ಯಾರೂ ಹೇಳಿರಲಿಲ್ಲ. ಇಬ್ಬರು ಅದನ್ನು ಹೊತ್ತು ತಂದರು.

ಮೀನೆಣ್ಣೆಯ ವಾಸನೆ ತೀರ ಹತ್ತಿರದಿಂದ ಮೂಗಿಗೆ ಬಡಿದಾಗ ಸುಬೈತ್ ಕಣ್ಣು ತೆರೆದ. ಏನಾಗುತ್ತಿದೆ ಎಂದು ಅವನಿಗೆ ತಿಳಿಯಿತು. ಹೊಸದಾಗಿ ಎಣ್ಣೆ ಕುಡಿದ ಹಡಗು ಮತ್ತೆ ನೀರು ಮುಟ್ಟುವವರೆಗೆ ಅದಕ್ಕೆ ಯಾವ ಬಡಗಿಯೂ ಕಬ್ಬಿಣ ತಾಗಿಸುವುದಿಲ್ಲ. ಅದು ಆ ದಂಡೆಯ ಕಟ್ಟಳೆ. 'ಮರೆತು ಹಾಡಿದೆ, ನಿಲ್ಲಿಸಿ' ಎಂದು ಅವನು ಹೇಳಿದರೆ ಆಳುಗಳು ನಿಲ್ಲಿಸುತ್ತಿದ್ದರು. ಒಂದೇ ಮಾತು ಸಾಕಿತ್ತು.

ಸುಬೈತ್ ಆ ಮಾತನ್ನು ಆಡಲಿಲ್ಲ. ದೇವರ ಹೆಸರು ಹೇಳಿ ಮುಂದಿನ ಸಾಲು ಎತ್ತಿದ. ಈ ಸಲ ಕಣ್ಣು ಬಿಟ್ಟುಕೊಂಡೇ ಹಾಡಿದ.

ಇಳಿಹೊತ್ತಿನ ಅಸರ್ ನಮಾಜಿನ ಕರೆ ಕೇಳುವಷ್ಟರಲ್ಲಿ ತಳಕ್ಕೆ ಸುಣ್ಣ, ಕೊಬ್ಬುಗಳ ಬಿಳಿ ಲೇಪವಾಗಿತ್ತು. ಅದರ ಮೇಲ್ಗಡೆ ತೇಗದ ಮೈ ಆಗಷ್ಟೇ ತಲೆಗೆ ಸ್ನಾನ ಮಾಡಿ ಬಂದವಳಂತೆ ಮಿರಮಿರನೆ ಹೊಳೆಯುತ್ತಿತ್ತು. ನಮಾಜಿಗೆ ಕೈ ತೊಳೆಯಲು ಹೋದಾಗಲೇ ಹುಮೈದನಿಗೆ ಎಚ್ಚರವಾದದ್ದು. ಅವನ ಮೊಣಕೈವರೆಗೂ ಎಣ್ಣೆ ಇತ್ತು.

"ಸುಬೈತ್! ಏನು ಮಾಡಿಸಿಬಿಟ್ಟೆಯೋ?"

"ನಾನು ಜಾಡಿ ಮುಟ್ಟಿಲ್ಲ. ನನ್ನ ಕೈ ನೋಡು, ನಿನ್ನ ಕೈ ನೋಡು."

ನಮಾಜು ಮುಗಿದ ಮೇಲೆ ಹುಮೈದ್ ತಲೆ ಕೆರೆದುಕೊಳ್ಳುತ್ತ ಮುಸಬ್ಬಹ್ ಬಳಿ ಹೋದ. ಸುಬೈತನೂ ಎದ್ದು ಹಿಂದೆ ನಡೆದ. ಬೆಳಗಿನಿಂದ ಅದೇ ಮರದ ಮೇಲೆ ಕಣ್ಣಿಟ್ಟಿದ್ದ ಬಡಗಿ ಕೊಡಲಿಯ ಅಲಗನ್ನು ಹೆಬ್ಬೆರಳಿನಿಂದ ಸವರುತ್ತ ಕೂತಿದ್ದ.

"ಉಸ್ತಾದ್," ಎಂದ ಹುಮೈದ್, "ಒಂದೇ ಒಂದು ಏಟು. ಹಿಂದುಗಡೆ, ಕಾಣದ ಕಡೆ ಆದರೂ ಸರಿ. ಕೆಲಸ ಶುರುವಾಯ್ತು ಅಂತ ಅರಮನೆಗೆ ನಾನೊಂದು ಮಾತು ಹೇಳಬೇಕಲ್ಲ."

ಮುಸಬ್ಬಹ್ ಎದ್ದು ಹಡಗಿನ ಪಕ್ಕಕ್ಕೆ ಹೋದ. ಒಂದು ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿದ. ಬೆರಳಿಗೆ ಅಂಟಿದ ಎಣ್ಣೆಯನ್ನು ಮೂಸಿದ. ಆಮೇಲೆ ತಲೆಯ ರುಮಾಲನ್ನು ಬಿಚ್ಚಿ, ಕೊಡಲಿಗೆ ನಿಧಾನವಾಗಿ ಸುತ್ತತೊಡಗಿದ.

"ಬಿಳಿ ಇಹ್ರಾಮ್ ಬಟ್ಟೆ ತೊಟ್ಟು ಹಜ್‌ಗೆ ಹೊರಟು ನಿಂತವನ ಗಡ್ಡಕ್ಕೆ ಯಾರಾದ್ರೂ ಕತ್ತರಿ ಹಾಕ್ತಾರೇನ್ರೀ?" ಎಂದ. "ಹೊರಟು ನಿಂತಿದಾಳೆ ಇವಳು. ಅರಮನೆಯವರೇ ಬಂದು ಕೇಳಲಿ, ನಮ್ಮಪ್ಪ ಗೋರಿಯಿಂದ ಎದ್ದು ಬಂದು ಕೇಳಲಿ. ನಾನು ಕಡಿಯೋದಿಲ್ಲ."