ಕಸ್ತೂರಿ ಟೀಚರ ಹೆಗಲಲ್ಲಿ

ನಾನು ಒಂದು ಚೀಲ. ಗದಗಿನಲ್ಲಿ ಕ್ರಿಕೆಟ್ ಕಿಟ್ ಹೊಲಿಯುವ ಮುನಾಫ್ ಸಾಹೇಬರ ಮಷಿನ್ನಿನಡಿ ಹುಟ್ಟಿದೆ. ನನ್ನ ಹೊಟ್ಟೆಯಲ್ಲಿ ಎರಡು ಬ್ಯಾಟರಿ. ಅಲ್ಲಿಂದ ಹೊರಟ ತಂತಿ ಪಿ.ಟಿ. ಟೀಚರ್ ಕಸ್ತೂರಿ ಹಡಪದ ಅವರ ಹೊಟ್ಟೆಯೊಳಗೆ ಇಳಿದು, ಸೋತ ಹೃದಯಕ್ಕೆ ಜೋಡಿಸಿದ ಪಂಪನ್ನು ನಡೆಸುತ್ತಿತ್ತು.

ಮೊದಲು ಹೋದ ಆಸ್ಪತ್ರೆಯವರು ತೂಕ ಇಳಿಸಿ ಬನ್ನಿ ಎಂದು ಅವರನ್ನು ಕಳಿಸಿಬಿಟ್ಟಿದ್ದರಂತೆ. ಬಚ್ಚಲಿಗೆ ನಡೆದರೂ ಏದುಸಿರು ಬರುವಾಕೆ ತೂಕ ಇಳಿಸುವುದು ಹೇಗೆ? ಇನ್ನೊಂದು ಕಡೆ ಡಾಕ್ಟರ್ ವಿಮಲಾ ಒಪ್ಪಿಕೊಂಡರು. "ದಪ್ಪ ಇದ್ದವ್ರೂ ಪಂಪ್ ಹಾಕ್ಕೊಂಡು ಚಲೋ ಬದುಕ್ತಾರ್ರಿ. ತಂತಿ ಹೊರಗ ಬರೂ ಜಾಗದಾಗ ಸೋಂಕಿನ ಭಯ ಮಾತ್ರ ಜಾಸ್ತಿ" ಎಂದರು.

ಪಂಪಿನ ಜೊತೆ ಬಂದ ಚೀಲದ ಪಟ್ಟಿ ಟೀಚರ ಮೈಗೆ ಸಾಲಲಿಲ್ಲ. ವಾರ್ಡಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಟೀಚರ್ ಆ ಕಡೆಗೇ ತಿರುಗಿ, "ನಾ ಸಣ್ಣ ಆಗೂತನಾ ಬ್ಯಾಟ್ರಿ ಕಾಯ್ತದೇನ್ರಿ? ಉದ್ದ ಪಟ್ಟೀದೊಂದು ಚೀಲ ಹೊಲಿಸ್ರಿ" ಎಂದರು. ಹಾಗೆ ನಾನು ಬಂದೆ.

ಮರುವರ್ಷದ ಬೇಸಿಗೆಯಲ್ಲಿ ಡಾಕ್ಟರ್ ಹೆದರಿದ್ದೇ ಆಯಿತು. ಬೆವರಿಗೆ ತಂತಿ ಹೊರಬರುವ ಜಾಗ ಕೆಂಪಾಗಿ, ಕೀವಾಗಿ, ಜ್ವರ ಏರಿತು. ಕೊಯ್ದು ತೊಳೆದರು. ಮಂಚದ ಪಕ್ಕ ಕೂತ ನಾದಿನಿ ನೀಲವ್ವ, "ಮೈ ಇಳಿಸಿದ್ದಿ ಅಂದ್ರ ಇಷ್ಟೆಲ್ಲಾ ಆಗ್ತಿದ್ದಿಲ್ಲ ನೋಡ ವೈನಿ" ಎಂದಳು.

"ಇಳಸ್ತೀನಿ. ಬ್ಯಾರೆ ಹೃದಯ ಹಾಕ್ಬೇಕಂದ್ರ ಇಳಸ್ಬೇಕಂತ. ಆದ್ರ ಕಳವು ಮಾಡಿದಾಕಿಗತೆ ತೆಲಿ ಬಗ್ಗಿಸಿ ಇಳಸಂಗಿಲ್ಲ."

ದನಿ ಗಟ್ಟಿಯಿತ್ತು. ಚಾದರದ ಕೆಳಗೆ ಮಾತ್ರ ನನ್ನ ಪಟ್ಟಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿಯುತ್ತಿದ್ದರು. ಅದು ನನಗಷ್ಟೇ ಗೊತ್ತು.

ಅವರು ಉಳಿದರು. ದಿನಾ ತಾವೇ ಗಾಯ ಒರೆಸಿ ಪಟ್ಟಿ ಕಟ್ಟಿಕೊಂಡರು. ಅನ್ನ ಕಡಿಮೆಯಾಯಿತು, ಸಂಜೆಯ ನಡಿಗೆ ಬೆಳೆಯಿತು. ಮೈ ಒಂದಿಷ್ಟು ಇಳಿಯಿತು, ಆಮೇಲೆ ಹಟ ಹಿಡಿದು ನಿಂತಿತು. ಟೀಚರ್ ಕಾಯಲಿಲ್ಲ, ಶಾಲೆಗೆ ಹೋದರು.

ಮುಖ್ಯೋಪಾಧ್ಯಾಯರು ಮೈದಾನದ ಅಂಚಿಗೆ ಕುರ್ಚಿ ಹಾಕಿಸಿದ್ದರು. "ಕೂತೇ ಕಲಸ್ರಿ ಟೀಚರ್."

"ಕೂತಾಕಿ ಮಾತಿಗೆ ಹುಡುಗ್ಯಾರು ಓಡಂಗಿಲ್ರಿ ಸರ್" ಎಂದು ನನ್ನನ್ನು ಹೆಗಲಿಗೇರಿಸಿ, ಸೀಟಿ ಊದುತ್ತಾ ಥ್ರೋಬಾಲ್ ಅಂಕಣದತ್ತ ನಡೆದರು.

ವರ್ಷಗಳು ಕಳೆದು ನನ್ನ ಜಿಪ್ಪು ಕಿತ್ತುಹೋಯಿತು, ಬಣ್ಣ ಮಾಸಿತು. ಮುನಾಫ್ ಸಾಹೇಬರು ಹೊಸದೊಂದು ಹೊಲಿದುಕೊಟ್ಟರು. ಈಗ ಆಟದ ಸಾಮಾನಿನ ಕೋಣೆಯಲ್ಲಿ, ಗಾಳಿ ಹೋದ ಚೆಂಡುಗಳನ್ನು ತುಂಬಿಕೊಂಡು ಬಿದ್ದಿದ್ದೇನೆ. ಬೇಸರವಿಲ್ಲ. ಮೂಲೆ ಸೇರಿದ್ದು ನಾನು, ಅವರಲ್ಲ.