ಮೊದಲು ಮುಟ್ಟಿದ ಆನೆ

ಜಿಲ್ಲಾ ಚೆಸ್ ತಂಡಕ್ಕೆ ಸೇರಲು ದರ್ಜಿಗೆ ಕೊನೆಯ ಸುತ್ತಿನಲ್ಲಿ ಅರ್ಧ ಅಂಕ ಸಾಕಿತ್ತು. ಡ್ರಾ ಆದರೂ ನಡೆಯುತ್ತಿತ್ತು. ಆದರೆ ಎದುರಿಗೆ ಬಂದವರು ಅಕ್ಕನ ಗಂಡ. ಅವನಿಗೆ ಆಟ ಕಲಿಸಿದವರೇ ಈ ಪೋಸ್ಟ್‌ಮ್ಯಾನ್ ಭಾವ. ಅವರಿಗೆ ಗೆದ್ದರೂ ಸೋತರೂ ಬರುವುದು ಏನೂ ಇರಲಿಲ್ಲ.

"ಬಿಟ್ಟುಕೊಟ್ರೆ ನಿಮ್ಮ ಜೊತೆ ಮಾತು ಬಿಡ್ತೀನಿ, ಭಾವ," ಎಂದು ದರ್ಜಿ ಪಂದ್ಯದ ಹಾಲಿನ ಬಾಗಿಲಲ್ಲೇ ಹೇಳಿದ.

"ಬಿಟ್ಟುಕೊಡೋಕೆ ನೀನೇನು ಹೊಸ ಅಳಿಯನಾ? ಕೂತ್ಕೋ."

ಬಿಳಿ ಕಾಯಿ ದರ್ಜಿಯದು. ಭಾವ ಕಲಿಸಿದ ಆರಂಭವನ್ನೇ ಆಡಿದ: ರಾಜನ ಮುಂದಿನ ಕಾಲಾಳು ಎರಡು ಮನೆ, ಆಮೇಲೆ ಕುದುರೆ, ಆಮೇಲೆ ಒಂಟೆ. ಮುಂದಿನದು ರಾಜನನ್ನು ಮೂಲೆಯತ್ತ ಸರಿಸಿ ಆನೆಯನ್ನು ಅವನ ಪಕ್ಕಕ್ಕೆ ತರುವ ಕ್ಯಾಸ್ಲಿಂಗ್. ಭಾವ ನೀರು ಕುಡಿಯಲು ಎದ್ದು ಹೋಗಿದ್ದರು. ಮನೆಯ ಆಟದ ರೂಢಿಯಂತೆ ದರ್ಜಿಯ ಕೈ ಮೊದಲು ಆನೆಯ ಮೇಲೆ ಹೋಯಿತು.

ಮನೆಯಲ್ಲಿ ಅದಕ್ಕೆ ಯಾರ ತಕರಾರೂ ಇಲ್ಲ. ಪಂದ್ಯದಲ್ಲಿ ಮೊದಲು ರಾಜನನ್ನೇ ಮುಟ್ಟಬೇಕು. ಆನೆ ಮುಟ್ಟಿದರೆ ಆನೆಯನ್ನಷ್ಟೇ ನಡೆಸಬೇಕು. ಯಾರೂ ನೋಡಿರಲಿಲ್ಲ. ತೀರ್ಪುಗಾರರು ದೂರದ ಮೇಜಿನ ಬಳಿ ಯಾರದೋ ಗಡಿಯಾರ ಸರಿಪಡಿಸುತ್ತಿದ್ದರು. ದರ್ಜಿ ಕೈ ಹಿಂದೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತ. ಆಮೇಲೆ ಆನೆಯನ್ನು ಒಂದು ಮನೆ ಸರಿಸಿ ಗಡಿಯಾರ ಒತ್ತಿದ.

ಭಾವ ಬಂದು, ಹಲಗೆ ನೋಡಿ ಹುಬ್ಬೇರಿಸಿದರು. ನಡುವೆ ಸಿಕ್ಕಿಕೊಂಡ ರಾಜನ ಮೇಲೆ ಮುಗಿಬಿದ್ದರು. ದರ್ಜಿಯ ಕುದುರೆ ಹೋಯಿತು, ಒಂದು ಆನೆಯೂ ಹೋಯಿತು. ಬೆವರು ಒರೆಸಿಕೊಳ್ಳಲು ಅವನು ಜೇಬು ತಡಕಾಡಿದಾಗ ಭಾವ ತಮ್ಮ ಕರವಸ್ತ್ರವನ್ನು ಮೇಜಿನ ಮೇಲೆ ಈಚೆ ತಳ್ಳಿದರು. ಮರುಕ್ಷಣವೇ ಇನ್ನೊಂದು ಕಾಲಾಳು ಹೊಡೆದರು.

ಅದನ್ನು ಹೊಡೆಯುವ ಭರದಲ್ಲಿ ಅವರ ರಾಜನ ಕಾವಲು ಸಡಿಲವಾಯಿತು. ದರ್ಜಿಯ ಮಂತ್ರಿ ಒಳನುಗ್ಗಿ ಚೆಕ್ ಕೊಟ್ಟ. ರಾಜ ಮೂಲೆಗೆ ಸರಿದ; ಮತ್ತೆ ಚೆಕ್. ಹಿಂದಕ್ಕೆ ಬಂದ, ಮತ್ತೆ ಚೆಕ್. ತಪ್ಪಿಸಿಕೊಳ್ಳಲು ಬೇರೆ ಮನೆಯೇ ಇರಲಿಲ್ಲ. ಅದೇ ಸ್ಥಿತಿ ಮೂರನೆಯ ಸಲ ಬಂದಾಗ ದರ್ಜಿ ನಿಯಮದಂತೆ ಡ್ರಾ ಕೇಳಿದ; ತೀರ್ಪುಗಾರರು ಬಂದು ನೋಡಿ ಡ್ರಾ ಎಂದರು.

"ಕ್ಯಾಸ್ಲಿಂಗ್ ಯಾಕೋ ಮಾಡ್ಲಿಲ್ಲ?" ಎಂದರು ಭಾವ.

"ಮೊದ್ಲು ಆನೆ ಮುಟ್ಟಿಬಿಟ್ಟೆ."

"ನಾನು ಇರ್ಲೇ ಇಲ್ವಲ್ಲೋ."

"ನಾನಿದ್ನಲ್ಲ, ಭಾವ."

ಭಾವ ಕಾಯಿಗಳನ್ನು ಹಿಂದಿನ ಸ್ಥಿತಿಗೆ ಜೋಡಿಸುತ್ತಾ, "ಆ ಕಾಲಾಳಿನ ತಂಟೆಗೆ ಹೋಗಬಾರದಿತ್ತು. ಗೆದ್ದ ಆಟ, ಕೈಯಾರೆ ಹಾಳು ಮಾಡ್ಕೊಂಡೆ," ಎಂದು ಗೊಣಗಿದರು. ಮುಖ ನಿಜವಾಗಿಯೂ ಸಪ್ಪಗಾಗಿತ್ತು. ಅದನ್ನು ನೋಡಿದ ಮೇಲೆಯೇ ದರ್ಜಿಗೆ ಆ ಅರ್ಧ ಅಂಕ ತನ್ನದೆನಿಸಿದ್ದು.

ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ಬೇರೇನು ಆಡಬಹುದಿತ್ತು, ತೋರಿಸಿ ನೋಡೋಣ," ಎಂದ.